ಹಿಸ್ಪಾನಿಕ್ ಸಮುದಾಯ ಮತ್ತು ಹೊಟ್ಟೆಯ ಕ್ಯಾನ್ಸರ್‌ಪೂರ್ವ ಬದಲಾವಣೆಗಳು: ಎಷ್ಟು ಜನರಲ್ಲಿ, ಯಾರಲ್ಲಿ, ಪತ್ತೆಯಾದ ಮೇಲೆ ಏನು?

ಅಮೆರಿಕದಲ್ಲಿ ನೆಲೆಸಿರುವ ಹಿಸ್ಪಾನಿಕ್ ಜನರಿಗೆ, ಅಂದರೆ ಲ್ಯಾಟಿನ್ ಅಮೆರಿಕ ಮುಂತಾದ ಸ್ಪ್ಯಾನಿಷ್ ಭಾಷಿಕ ನಾಡುಗಳ ಮೂಲದವರಿಗೆ, ಒಟ್ಟಾರೆಯಾಗಿ ಕ್ಯಾನ್ಸರ್ ಬರುವುದು ಅಲ್ಲಿನ ಬಿಳಿಯರಿಗಿಂತ ಕಡಿಮೆ. ಶ್ವಾಸಕೋಶ, ಸ್ತನ, ದೊಡ್ಡಕರುಳಿನ ಕ್ಯಾನ್ಸರ್‌ಗಳ ಪಟ್ಟಿಯಲ್ಲಿ ಅವರ ಅಂಕಿ ಕೆಳಗೇ ಇದೆ. ಸೋಂಕಿನಿಂದ ಹುಟ್ಟುವ ಕ್ಯಾನ್ಸರ್‌ಗಳಿಗೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. ಯಕೃತ್ತು, ಗರ್ಭಕಂಠ, ಹೊಟ್ಟೆ, ಈ ಮೂರರಲ್ಲೂ ಅವರ ಪಾಲು ಹೆಚ್ಚು. ಹೊಟ್ಟೆಯ ಕ್ಯಾನ್ಸರ್ ಅವರಲ್ಲಿ ಬಿಳಿಯರಿಗಿಂತ ಸುಮಾರು ಎರಡು ಪಟ್ಟು. ಅನ್ನನಾಳಕ್ಕೆ ಅಂಟಿಕೊಂಡಿರುವ ಮೇಲ್ತುದಿಯ ಕ್ಯಾನ್ಸರ್ ಬಿಳಿಯ ಗಂಡಸರಲ್ಲಿ ಹೆಚ್ಚು, ಅದರ ಕಾರಣಗಳೂ ಬೇರೆ. ಅದನ್ನು ಬದಿಗಿಟ್ಟು ಹೊಟ್ಟೆಯ ಉಳಿದ ಭಾಗವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಅಂತರ ಇನ್ನೂ ಹಿಗ್ಗುತ್ತದೆ. 2020ರ ಜನಗಣತಿಯ ಪ್ರಕಾರ ಅಮೆರಿಕದಲ್ಲಿ ಈ ಸಮುದಾಯದವರು 6.2 ಕೋಟಿ. ಅಂದರೆ ಇದು ಸಣ್ಣ ಗುಂಪಿನ ಸಮಸ್ಯೆಯಲ್ಲ.

ಹೊಟ್ಟೆಯ ಕ್ಯಾನ್ಸರ್‌ನಲ್ಲಿ ಹೆಚ್ಚಿನವು ದಿಢೀರನೆ ಬರುವುದಿಲ್ಲ. ಇಪ್ಪತ್ತು ಮೂವತ್ತು ವರ್ಷ ಮೊದಲೇ ಒಳಪೊರೆಯಲ್ಲಿ ಬದಲಾವಣೆ ಶುರುವಾಗಿರುತ್ತದೆ, ಮತ್ತು ಪೊರೆಯ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಬಯಾಪ್ಸಿಯಲ್ಲಿ ಅದು ಕಾಣುತ್ತದೆ. ಹಾಗಾದರೆ ಹಿಸ್ಪಾನಿಕ್ ಜನರಲ್ಲಿ ಎಷ್ಟು ಮಂದಿಗೆ ಈ ಬದಲಾವಣೆ ಇದೆ ಎಂಬ ಪ್ರಶ್ನೆ ಸಹಜ. ಉತ್ತರ ಒಂದೇ ಅಂಕಿಯಲ್ಲಿ ಸಿಗುವುದಿಲ್ಲ. ಅಂಕಿ ಯಾಕೆ ಹಿಗ್ಗುತ್ತದೆ, ಯಾಕೆ ಕುಗ್ಗುತ್ತದೆ ಎಂಬುದನ್ನು ಬಿಡಿಸಿದರೆ ಯಾರಿಗೆ ಅಪಾಯ, ಯಾರಿಗೆ ಅಷ್ಟಾಗಿ ಇಲ್ಲ ಎಂಬುದೂ ತಾನಾಗಿ ಬಿಡಿಸಿಕೊಳ್ಳುತ್ತದೆ.

ಮೊದಲು ಬದಲಾವಣೆ ಎಂದರೆ ಏನು ಎಂಬುದು. ಕೊಲಂಬಿಯಾದ ರೋಗಶಾಸ್ತ್ರಜ್ಞ ಪೆಲಾಯೊ ಕೊರ್ರೆಯಾ 1975ರಲ್ಲಿ ಮುಂದಿಟ್ಟು, ಮುಂದಿನ ಎರಡು ದಶಕಗಳಲ್ಲಿ ತಿದ್ದಿ ಬೆಳೆಸಿದ ಸರಣಿಯೇ ಇಂದಿಗೂ ಆಧಾರ. ಬಾಲ್ಯದಲ್ಲಿ ಹೆಲಿಕೊಬ್ಯಾಕ್ಟರ್ ಪೈಲೊರಿ (ಚಿಕ್ಕದಾಗಿ ಎಚ್. ಪೈಲೊರಿ) ಎಂಬ ಬ್ಯಾಕ್ಟೀರಿಯಾ ಹೊಟ್ಟೆ ಸೇರುತ್ತದೆ. ಮದ್ದು ಕೊಡದಿದ್ದರೆ ಸಾಮಾನ್ಯವಾಗಿ ಜೀವಮಾನವಿಡೀ ಅಲ್ಲೇ ಉಳಿಯುತ್ತದೆ. ಅದರಿಂದ ಮಾಸದ ಉರಿಯೂತ ಉಂಟಾಗುತ್ತದೆ. ಕೆಲವರಲ್ಲಿ ವರ್ಷಗಳು ಕಳೆದಂತೆ ಆಮ್ಲ ಮತ್ತು ಪೆಪ್ಸಿನೋಜನ್ ತಯಾರಿಸುವ ಗ್ರಂಥಿಗಳು ನಶಿಸಿ ಪೊರೆ ತೆಳುವಾಗುತ್ತದೆ. ಇದು ಅಟ್ರೋಫಿಕ್ ಗ್ಯಾಸ್ಟ್ರೈಟಿಸ್. ಅವರಲ್ಲೂ ಕೆಲವರಿಗೆ, ನಶಿಸಿದ ಗ್ರಂಥಿಗಳ ಜಾಗದಲ್ಲಿ ಕರುಳಿನ ಪೊರೆಯಂಥ ಕೋಶಗಳು ಬೆಳೆಯುತ್ತವೆ. ಇದಕ್ಕೆ ಇಂಟೆಸ್ಟೈನಲ್ ಮೆಟಾಪ್ಲೇಸಿಯಾ ಎನ್ನುತ್ತಾರೆ. ಸೂಕ್ಷ್ಮದರ್ಶಕದಲ್ಲಿ ಇದನ್ನು ಗುರುತಿಸುವುದು ಕಷ್ಟವಲ್ಲ. ಹೊಟ್ಟೆಯಲ್ಲಿ ಇರಲೇಬಾರದ ಗಾಬ್ಲೆಟ್ ಕೋಶಗಳು, ಲೋಳೆ ತುಂಬಿ ಉಬ್ಬಿದ ರೂಪದಲ್ಲಿ, ಅಲ್ಲಿ ಕಾಣುತ್ತವೆ. ಸಣ್ಣಕರುಳನ್ನು ಚೆನ್ನಾಗಿ ಹೋಲುತ್ತಿದ್ದರೆ ಅದು ‘ಕಂಪ್ಲೀಟ್’ ಬಗೆ. ಅಂಚು ಸರಿಯಾಗಿ ರೂಪುಗೊಳ್ಳದೆ, ದೊಡ್ಡಕರುಳಿನ ಹಾಗೆ ಕಂಡರೆ ‘ಇನ್‌ಕಂಪ್ಲೀಟ್’ ಬಗೆ. ಎರಡನೆಯದು ಹೆಚ್ಚು ಅಪಾಯದ್ದು. ಇದಾದ ಮೇಲಿನ ಹಂತ ಡಿಸ್‌ಪ್ಲೇಸಿಯಾ. ಕೋಶಗಳೇ ಕೆಡಲು ಶುರುವಾದ ಸ್ಥಿತಿ ಅದು, ಮುಂದಿನದು ಕ್ಯಾನ್ಸರ್.

ಈ ಬದಲಾವಣೆಗಳಿಗೆ ತಮ್ಮದೇ ಆದ ನೋವಿಲ್ಲ, ಲಕ್ಷಣವಿಲ್ಲ. ಎದೆಯುರಿ, ಹೊಟ್ಟೆಯುಬ್ಬರ, ಗ್ಯಾಸ್ ಎಂದು ಬೇರೆ ಕಾರಣಕ್ಕೆ ಎಂಡೋಸ್ಕೋಪಿ ಮಾಡಿಸಿಕೊಂಡವರಲ್ಲಿ ಇದು ಆಕಸ್ಮಿಕವಾಗಿ ಸಿಗುತ್ತದೆ. ಅಂಕಿಯ ಮೊದಲ ತೊಡಕು ಇಲ್ಲಿಯೇ. ಎಂಡೋಸ್ಕೋಪಿ ಆದವರನ್ನು ಬಿಟ್ಟರೆ ಬೇರೆ ಯಾರ ಹೊಟ್ಟೆಯ ಸ್ಥಿತಿಯೂ ನಮಗೆ ಗೊತ್ತಿಲ್ಲ. ಅಮೆರಿಕನ್ ಗ್ಯಾಸ್ಟ್ರೊಎಂಟರಲಾಜಿಕಲ್ ಅಸೋಸಿಯೇಶನ್ 2020ರ ಮಾರ್ಗಸೂಚಿಗಾಗಿ ಅಮೆರಿಕದ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿದಾಗ, ಎಂಡೋಸ್ಕೋಪಿಯಲ್ಲಿ ಬಯಾಪ್ಸಿ ಆದವರ ಪೈಕಿ ಶೇ 4.8 ಮಂದಿಗೆ ಮೆಟಾಪ್ಲೇಸಿಯಾ ಇರುವುದು ಕಂಡಿತು. ಇದು ಎಲ್ಲ ಜನಾಂಗಗಳೂ ಸೇರಿದ ಸರಾಸರಿ. ಹಿಸ್ಪಾನಿಕ್ ರೋಗಿಗಳನ್ನಷ್ಟೇ ಬೇರ್ಪಡಿಸಿ ನೋಡಿದ ಆಸ್ಪತ್ರೆ ಅಧ್ಯಯನಗಳಲ್ಲಿ ಅಂಕಿ ಸಾಮಾನ್ಯವಾಗಿ ಎರಡಂಕಿಗೆ ಏರುತ್ತದೆ. ಹ್ಯೂಸ್ಟನ್‌ನ ಮಾಜಿ ಸೈನಿಕರ ಆಸ್ಪತ್ರೆಯ ರೋಗಿಗಳನ್ನು ಹೋಲಿಸಿ 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಯಸ್ಸು, ಸಿಗರೇಟು ಮುಂತಾದ ಅಂಶಗಳನ್ನು ಸರಿದೂಗಿಸಿದ ಮೇಲೂ ಹಿಸ್ಪಾನಿಕ್ ರೋಗಿಗಳಲ್ಲಿ ಮೆಟಾಪ್ಲೇಸಿಯಾ ಇರುವ ಸಂಭವ ಬಿಳಿಯರಿಗಿಂತ ಎರಡು ಪಟ್ಟಿಗೂ ಹೆಚ್ಚಿತ್ತು. ಕಪ್ಪುಜನರಲ್ಲೂ ಬಿಳಿಯರಿಗಿಂತ ಹೆಚ್ಚೇ ಇತ್ತು.

ಒಂದು ಅಧ್ಯಯನ ಹೇಳಿದ ಶೇಕಡಾವಾರಿಗೂ ಇನ್ನೊಂದು ಹೇಳಿದ್ದಕ್ಕೂ ಇಷ್ಟು ಅಂತರ ಯಾಕೆ? ಮುಖ್ಯ ಕಾರಣ ಬಯಾಪ್ಸಿ ತೆಗೆಯುವ ಕ್ರಮ. ಮೆಟಾಪ್ಲೇಸಿಯಾ ಹೊಟ್ಟೆಯೊಳಗೆ ಒಂದೇ ಹಾಸಾಗಿ ಹರಡಿರುವುದಿಲ್ಲ, ಗದ್ದೆಯಲ್ಲಿ ಕಳೆ ಎದ್ದ ಹಾಗೆ ಅಲ್ಲಲ್ಲಿ ತೇಪೆ ತೇಪೆಯಾಗಿರುತ್ತದೆ. ಒಂದೆರಡು ಚೂರು ತೆಗೆದ ಕಡೆ ಶೇ 5 ಎಂದು ಬರುವ ಅಂಕಿ, ಐದಾರು ನಿಗದಿತ ಜಾಗಗಳಿಂದ ತೆಗೆದ ಕಡೆ ದುಪ್ಪಟ್ಟಾಗಬಹುದು. ರೋಗಿಗಳ ವಯಸ್ಸೂ ಲೆಕ್ಕ ಬದಲಿಸುತ್ತದೆ, ಯಾಕೆಂದರೆ ಐವತ್ತು ದಾಟಿದವರಲ್ಲಿ ಇದು ಮೂವತ್ತರವರಿಗಿಂತ ಬಹಳ ಹೆಚ್ಚು. ಇನ್ನೊಂದು ತೊಡಕು ಅಮೆರಿಕಕ್ಕೇ ವಿಶಿಷ್ಟ. ದೊಡ್ಡ ಖಾಸಗಿ ಪ್ರಯೋಗಾಲಯಗಳಿಗೆ ಬರುವ ಬಯಾಪ್ಸಿ ಚೀಟಿಯಲ್ಲಿ ರೋಗಿಯ ಜನಾಂಗ ಬರೆದಿರುವುದಿಲ್ಲ. ಹಾಗಾಗಿ ಲಕ್ಷಾಂತರ ಮಾದರಿಗಳ ಮೇಲೆ ನಡೆದ ಕೆಲವು ವಿಶ್ಲೇಷಣೆಗಳು ಹೆಸರು ನೋಡಿ ಜನಾಂಗ ಊಹಿಸಿವೆ. ಮದುವೆಯಾಗಿ ಕುಟುಂಬದ ಹೆಸರು ಬದಲಾದವರು ಅಂಥ ಲೆಕ್ಕದಲ್ಲಿ ಯಾವುದೋ ಗುಂಪಿಗೆ ಸೇರಿಬಿಡುತ್ತಾರೆ. ಅಷ್ಟಾದರೂ ಈ ವಿಶ್ಲೇಷಣೆಗಳೆಲ್ಲ ಒಂದೇ ದಿಕ್ಕಿಗೆ ಕೈ ತೋರುತ್ತವೆ. ಹಿಸ್ಪಾನಿಕ್ ಮತ್ತು ಪೂರ್ವ ಏಷ್ಯಾ ಮೂಲದವರಲ್ಲಿ ಸೋಂಕೂ ಹೆಚ್ಚು, ಮೆಟಾಪ್ಲೇಸಿಯಾವೂ ಹೆಚ್ಚು.

ಇಷ್ಟಕ್ಕೇ ನಿಲ್ಲಿಸಿ ‘ಹಿಸ್ಪಾನಿಕ್ ಎಂದರೆ ಅಪಾಯ’ ಎಂದು ಷರಾ ಬರೆದರೆ ತಪ್ಪು ದಾರಿ ಹಿಡಿದಂತೆ. ಅದಕ್ಕೆ ಕೊಲಂಬಿಯಾದ ನೈಋತ್ಯ ಮೂಲೆಯ ನರಿನ್ಯೊ ಪ್ರಾಂತ್ಯಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಆ ಪ್ರಾಂತ್ಯದ ಆಂಡಿಸ್ ಬೆಟ್ಟಸಾಲಿನಲ್ಲಿ, ಸಮುದ್ರಮಟ್ಟದಿಂದ ಸುಮಾರು 3,000 ಮೀಟರ್ ಎತ್ತರದಲ್ಲಿ ತುಕೆರೆಸ್ ಎಂಬ ಊರಿದೆ. ಅದೇ ಪ್ರಾಂತ್ಯದ ಪೆಸಿಫಿಕ್ ಕರಾವಳಿಯಲ್ಲಿ ತುಮಾಕೊ ಇದೆ. ನಡುವಿನ ದೂರ ಸುಮಾರು 200 ಕಿಲೋಮೀಟರ್. ಎರಡೂ ಕಡೆ ವಯಸ್ಕರಲ್ಲಿ ಹತ್ತರಲ್ಲಿ ಒಂಬತ್ತು ಮಂದಿಗೆ ಎಚ್. ಪೈಲೊರಿ ಸೋಂಕಿದೆ. ಆದರೆ ಹೊಟ್ಟೆಯ ಕ್ಯಾನ್ಸರ್ ತುಕೆರೆಸ್‌ನಲ್ಲಿ ವರ್ಷಕ್ಕೆ ಲಕ್ಷ ಜನರಿಗೆ ಸುಮಾರು 150, ತುಮಾಕೊದಲ್ಲಿ ಸುಮಾರು 6. ಇಪ್ಪತ್ತೈದು ಪಟ್ಟು ವ್ಯತ್ಯಾಸ! ಅಟ್ರೋಫಿ ಮತ್ತು ಮೆಟಾಪ್ಲೇಸಿಯಾ ಕೂಡ ಬೆಟ್ಟದವರಲ್ಲಿ ಹೆಚ್ಚು, ಮತ್ತು ಅವರಲ್ಲಿ ಬೇಗ ಶುರುವಾಗುತ್ತದೆ. ಇಬ್ಬರೂ ಸ್ಪ್ಯಾನಿಷ್ ಮಾತಾಡುತ್ತಾರೆ, ಒಂದೇ ಪ್ರಾಂತ್ಯದವರು. ನ್ಯೂಯಾರ್ಕಿನ ಆಸ್ಪತ್ರೆಗೆ ಬಂದರೆ ಇಬ್ಬರ ಅರ್ಜಿಯಲ್ಲೂ ಒಂದೇ ಚೌಕಕ್ಕೆ ಗುರುತು ಬೀಳುತ್ತದೆ.

ಯಾಕೆ ಹೀಗೆ ಎಂಬುದಕ್ಕೆ ನಾಲ್ಕೈದು ಎಳೆಗಳಿವೆ. ಬೆಟ್ಟದ ಬ್ಯಾಕ್ಟೀರಿಯಾ ತಳಿಗಳಲ್ಲಿ, ಉರಿಯೂತ ಹೆಚ್ಚಿಸುವ ಕ್ಯಾಗ್ಎ ಜೀನ್ ಮತ್ತು ವ್ಯಾಕ್ಎ ಜೀನಿನ ಉಗ್ರ ರೂಪ ಹೆಚ್ಚಾಗಿ ಕಾಣುತ್ತವೆ. ಕರಾವಳಿಯವರಲ್ಲಿ ಕರುಳುಹುಳುಗಳ ಸೋಂಕು ವ್ಯಾಪಕ. ಅದು ದೇಹದ ರಕ್ಷಣಾ ಪ್ರತಿಕ್ರಿಯೆಯ ದಿಕ್ಕನ್ನೇ ಬದಲಿಸಿ ಹೊಟ್ಟೆಯ ಉರಿಯೂತವನ್ನು ತಗ್ಗಿಸುತ್ತದೆ ಎಂಬ ವಾದಕ್ಕೆ ಒಳ್ಳೆಯ ಆಧಾರವಿದೆ. ಕರಾವಳಿಯಲ್ಲಿ ಮೀನು, ಹಣ್ಣು ಹೆಚ್ಚು; ಬೆಟ್ಟದ ಊಟ ಬೇರೆ. ನಮ್ಮ ಮಟ್ಟಿಗೆ ಇವೆಲ್ಲಕ್ಕಿಂತ ಗಟ್ಟಿಯಾದ ಎಳೆ 2014ರಲ್ಲಿ ಬಂದದ್ದು. ಸಂಶೋಧಕರು ಮನುಷ್ಯರ ವಂಶವಾಹಿಯನ್ನೂ ಅವರ ಹೊಟ್ಟೆಯ ಬ್ಯಾಕ್ಟೀರಿಯಾದ ವಂಶವಾಹಿಯನ್ನೂ ಒಟ್ಟಿಗೆ ಓದಿದರು. ಬೆಟ್ಟದ ಜನರ ಮೂಲ ಹೆಚ್ಚಿನಂಶ ಅಮೆರಿಕದ ಆದಿವಾಸಿಗಳದ್ದು, ಕರಾವಳಿಯವರ ಮೂಲ ಹೆಚ್ಚಿನಂಶ ಆಫ್ರಿಕಾದ್ದು. ಆಫ್ರಿಕಾ ಮೂಲದ ಬ್ಯಾಕ್ಟೀರಿಯಾ ಆಫ್ರಿಕಾ ಮೂಲದವರ ಹೊಟ್ಟೆಯಲ್ಲಿ ಅಷ್ಟಾಗಿ ಹಾನಿ ಮಾಡಿರಲಿಲ್ಲ. ಅದೇ ಮೂಲದ ಬ್ಯಾಕ್ಟೀರಿಯಾ ಆದಿವಾಸಿ ಮೂಲದವರ ಹೊಟ್ಟೆ ಸೇರಿದಾಗ ಗಾಯ ತೀವ್ರವಾಗಿತ್ತು. ಸಾವಿರಾರು ವರ್ಷ ಜೊತೆಯಾಗಿ ಬೆಳೆದ ಮನುಷ್ಯ ಮತ್ತು ಸೂಕ್ಷ್ಮಜೀವಿಯ ಜೋಡಿಯನ್ನು ವಸಾಹತುಶಾಹಿಯೂ ಗುಲಾಮರ ವ್ಯಾಪಾರವೂ ಕದಲಿಸಿದವು. ಅದರ ಪರಿಣಾಮ ಇವತ್ತಿನ ಬಯಾಪ್ಸಿ ಗಾಜಿನ ಮೇಲೆ ಕಾಣುತ್ತಿದೆ.

ಬೆಟ್ಟ ಮತ್ತು ಕರಾವಳಿಯ ಈ ಭೇದ ಕೊಲಂಬಿಯಾಕ್ಕೆ ಸೀಮಿತವಲ್ಲ. ಮೆಕ್ಸಿಕೊದ ಚಿಯಾಪಾಸ್‌ನಿಂದ ಗ್ವಾಟೆಮಾಲಾ, ಹೊಂಡುರಾಸ್‌ನ ಪಶ್ಚಿಮ ಭಾಗ, ಕೋಸ್ಟರಿಕಾ, ಈಕ್ವೆಡಾರ್, ಪೆರು, ಚಿಲಿಯವರೆಗೆ ಪೆಸಿಫಿಕ್ ಬದಿಯ ಬೆಟ್ಟಸೀಮೆಯುದ್ದಕ್ಕೂ ಹೊಟ್ಟೆಯ ಕ್ಯಾನ್ಸರ್ ಹೆಚ್ಚು. ಕ್ಯೂಬಾ, ಪೋರ್ಟೊರಿಕೊ, ಡೊಮಿನಿಕನ್ ಗಣರಾಜ್ಯಗಳಲ್ಲಿ ಅಷ್ಟಿಲ್ಲ. ಆದ್ದರಿಂದ ವೈದ್ಯರು ಕೇಳಬೇಕಾದ ಪ್ರಶ್ನೆ ‘ನೀವು ಹಿಸ್ಪಾನಿಕ್ಕೇ?’ ಎಂಬುದಲ್ಲ. ಹುಟ್ಟಿದ್ದು ಎಲ್ಲಿ, ಎಷ್ಟನೇ ವಯಸ್ಸಿನವರೆಗೆ ಅಲ್ಲಿದ್ದಿರಿ, ತಂದೆ ತಾಯಿ ಒಡಹುಟ್ಟಿದವರಲ್ಲಿ ಯಾರಿಗಾದರೂ ಹೊಟ್ಟೆಯ ಕ್ಯಾನ್ಸರ್ ಇತ್ತೇ, ಈ ಮೂರು ಪ್ರಶ್ನೆ ಕೇಳಬೇಕು. ಎರಡು ನಿಮಿಷದ ಕೆಲಸ. ಬಹಳ ಕಡೆ ನಡೆಯುವುದಿಲ್ಲ.

ಸೋಂಕು ಇದ್ದೂ ಕ್ಯಾನ್ಸರ್ ಕಡಿಮೆ ಇರುವ ಒಗಟು ನಮಗೂ ಹತ್ತಿರದ್ದು. ಭಾರತದಲ್ಲಿ ಎಚ್. ಪೈಲೊರಿ ಬಹಳ ವ್ಯಾಪಕ, ಆದರೆ ಹೊಟ್ಟೆಯ ಕ್ಯಾನ್ಸರ್‌ನ ರಾಷ್ಟ್ರೀಯ ಸರಾಸರಿ ಜಪಾನ್, ಕೊರಿಯಾಗಳ ಮುಂದೆ ತೀರ ಕಡಿಮೆ. ಆ ಸರಾಸರಿಯೊಳಗೆ ಮಿಜೋರಾಮ್ ಬೇರೆಯೇ ಎದ್ದು ನಿಲ್ಲುತ್ತದೆ, ದಕ್ಷಿಣದ ನಗರಗಳ ಅಂಕಿ ಉತ್ತರಕ್ಕಿಂತ ಮೇಲಿದೆ, ಬೆಂಗಳೂರಿನ ಕ್ಯಾನ್ಸರ್ ನೋಂದಣಿಯಲ್ಲಿ ಗಂಡಸರ ಮುಖ್ಯ ಕ್ಯಾನ್ಸರ್‌ಗಳಲ್ಲಿ ಹೊಟ್ಟೆಯದೂ ಒಂದು. ‘ಭಾರತೀಯ’ ಎಂಬ ಒಂದೇ ಚೌಕವೂ ‘ಹಿಸ್ಪಾನಿಕ್’ ಎಂಬುದರಷ್ಟೇ ಒರಟು. ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳಲ್ಲಿರುವ ಕನ್ನಡಿಗರ ಕೈಗೂ ಇಂಥ ಬಯಾಪ್ಸಿ ವರದಿ ಬರುತ್ತದೆ. ಮುಂದೆ ಹೇಳುವ ಪರೀಕ್ಷೆ, ಮದ್ದಿನ ವಿವರಗಳು ಅವರಿಗೂ ಅನ್ವಯಿಸುತ್ತವೆ.

ವಲಸೆ ಬಂದವರಲ್ಲಿ ಸೋಂಕು ಎಷ್ಟು? ಅಮೆರಿಕ ಸರ್ಕಾರದ 1988ರಿಂದ 1994ರವರೆಗಿನ ರಾಷ್ಟ್ರೀಯ ಆರೋಗ್ಯ ಸಮೀಕ್ಷೆಯಲ್ಲಿ ರಕ್ತಪರೀಕ್ಷೆ ಮಾಡಿದಾಗ ಮೆಕ್ಸಿಕೊ ಮೂಲದ ವಯಸ್ಕರಲ್ಲಿ ಸುಮಾರು ಶೇ 62, ಕಪ್ಪುಜನರಲ್ಲಿ ಶೇ 53, ಬಿಳಿಯರಲ್ಲಿ ಶೇ 26 ಮಂದಿಗೆ ಎಚ್. ಪೈಲೊರಿಯ ಗುರುತು ಸಿಕ್ಕಿತ್ತು. 1999-2000ರ ಹೊತ್ತಿಗೆ ಬಿಳಿಯರ ಅಂಕಿ ಇನ್ನೂ ಇಳಿಯಿತು. ಮೆಕ್ಸಿಕೊ ಮೂಲದವರದು ಇಳಿಯಲಿಲ್ಲ. ಸೋಂಕು ಹತ್ತುವುದು ಬಹುತೇಕ ಐದಾರು ವರ್ಷದೊಳಗೆ, ತಾಯಿಯಿಂದ, ಒಡಹುಟ್ಟಿದವರಿಂದ, ಒಂದೇ ಕೋಣೆಯಲ್ಲಿ ಹಲವರು ಮಲಗುವ ಮನೆಗಳಲ್ಲಿ, ಶುದ್ಧ ನೀರಿಲ್ಲದ ಕಡೆ. ಆದ್ದರಿಂದ ಹೊರಗೆ ಹುಟ್ಟಿ ಬಂದವರಲ್ಲಿ ಸೋಂಕು ಹೆಚ್ಚು, ಅಮೆರಿಕದಲ್ಲೇ ಹುಟ್ಟಿದ ಅವರ ಮಕ್ಕಳಲ್ಲಿ ಕಡಿಮೆ. ನಲವತ್ತರ ವಯಸ್ಸಿನಲ್ಲಿ ಊಟ, ಮನೆ, ನೀರು ಎಲ್ಲ ಬದಲಾದರೂ ಬಾಲ್ಯದ ಸೋಂಕು ಒಳಗೇ ಉಳಿದಿರುತ್ತದೆ. ಮದ್ದಿಲ್ಲದೆ ಅದು ಹೋಗುವುದಿಲ್ಲ.

ಮೆಟಾಪ್ಲೇಸಿಯಾ ಇದೆ ಎಂದಾಕ್ಷಣ ಕ್ಯಾನ್ಸರ್ ಬಂದೇ ಬಿಡುತ್ತದೆಯೇ? ಇಲ್ಲ. ವರದಿ ಓದಿ ನಿದ್ದೆಗೆಟ್ಟವರಿಗೆ ಈ ಅಂಕಿಗಳನ್ನು ಸ್ಪಷ್ಟವಾಗಿ ಹೇಳಲೇಬೇಕು. ನೆದರ್ಲೆಂಡ್ಸ್‌ನ 2008ರ ರಾಷ್ಟ್ರವ್ಯಾಪಿ ಅಧ್ಯಯನದಲ್ಲಿ, ಪತ್ತೆಯಾದ ಮೊದಲ ಐದು ವರ್ಷಗಳಲ್ಲಿ, ವರ್ಷಕ್ಕೆ ಕ್ಯಾನ್ಸರ್‌ಗೆ ತಿರುಗಿದ್ದು ಅಟ್ರೋಫಿಯಲ್ಲಿ ಶೇ 0.1, ಮೆಟಾಪ್ಲೇಸಿಯಾದಲ್ಲಿ ಶೇ 0.25, ಸೌಮ್ಯ ಅಥವಾ ಮಧ್ಯಮ ಡಿಸ್‌ಪ್ಲೇಸಿಯಾದಲ್ಲಿ ಶೇ 0.6, ತೀವ್ರ ಡಿಸ್‌ಪ್ಲೇಸಿಯಾದಲ್ಲಿ ಶೇ 6. ಸ್ವೀಡನ್ನಿನಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ರೋಗಿಗಳನ್ನು ಹಿಂಬಾಲಿಸಿದ 2015ರ ಅಧ್ಯಯನ ಇಪ್ಪತ್ತು ವರ್ಷದ ಲೆಕ್ಕ ಕೊಟ್ಟಿತು. ಪೊರೆ ಸಹಜವಾಗಿದ್ದವರಲ್ಲಿ 256ಕ್ಕೆ ಒಬ್ಬರು, ಬರೀ ಉರಿಯೂತವಿದ್ದವರಲ್ಲಿ 85ಕ್ಕೆ ಒಬ್ಬರು, ಅಟ್ರೋಫಿಯಲ್ಲಿ 50ಕ್ಕೆ ಒಬ್ಬರು, ಮೆಟಾಪ್ಲೇಸಿಯಾದಲ್ಲಿ 39ಕ್ಕೆ ಒಬ್ಬರು, ಡಿಸ್‌ಪ್ಲೇಸಿಯಾದಲ್ಲಿ 19ಕ್ಕೆ ಒಬ್ಬರು. ಅಮೆರಿಕದ 2020ರ ಮಾರ್ಗಸೂಚಿ ಬಳಸಿದ ಅಂದಾಜು, ಮೆಟಾಪ್ಲೇಸಿಯಾ ಇದ್ದವರಲ್ಲಿ ಹತ್ತು ವರ್ಷದಲ್ಲಿ ಶೇ 1.6. ಅಂದರೆ ಸಾವಿರ ಮಂದಿಯಲ್ಲಿ 984 ಜನರಿಗೆ ಆ ಹತ್ತು ವರ್ಷಗಳಲ್ಲಿ ಹೊಟ್ಟೆಯ ಕ್ಯಾನ್ಸರ್ ಬರುವುದಿಲ್ಲ.

ಉಳಿದ ಹದಿನಾರು ಮಂದಿ ಯಾರು ಎಂಬುದೇ ನಿಜವಾದ ಪ್ರಶ್ನೆ. ಅದಕ್ಕೂ ಉತ್ತರದ ಹೊಳಹಿದೆ. ಇನ್‌ಕಂಪ್ಲೀಟ್ ಬಗೆಯಿದ್ದರೆ ಅಪಾಯ ಕಂಪ್ಲೀಟ್ ಬಗೆಯ 3.3 ಪಟ್ಟು. ಕೆಳಭಾಗವಾದ ಆಂಟ್ರಮ್ ದಾಟಿ ನಡುಭಾಗಕ್ಕೂ ಹರಡಿದ್ದರೆ ಎರಡು ಪಟ್ಟು. ಹತ್ತಿರದ ರಕ್ತಸಂಬಂಧಿಗೆ ಹೊಟ್ಟೆಯ ಕ್ಯಾನ್ಸರ್ ಇದ್ದಿದ್ದರೆ ಸುಮಾರು ನಾಲ್ಕೂವರೆ ಪಟ್ಟು. ಸಿಗರೇಟು ಇವುಗಳ ಮೇಲೆ ಇನ್ನಷ್ಟು ಹೇರುತ್ತದೆ. ಗ್ವಾಟೆಮಾಲಾದ ಬೆಟ್ಟದಿಂದ ಬಂದ, ತಂದೆಯನ್ನು ಹೊಟ್ಟೆಯ ಕ್ಯಾನ್ಸರಿನಲ್ಲಿ ಕಳೆದುಕೊಂಡ, ವರದಿಯಲ್ಲಿ ಇನ್‌ಕಂಪ್ಲೀಟ್ ಬಗೆ ಇರುವ ಐವತ್ತೈದರ ಹೆಂಗಸಿನ ಅಪಾಯವನ್ನು, ಮಯಾಮಿಯಲ್ಲಿ ಹುಟ್ಟಿದ ಕ್ಯೂಬಾ ಮೂಲದ, ಆಂಟ್ರಮ್‌ನಲ್ಲಷ್ಟೇ ಒಂದು ತೇಪೆ ಕಂಪ್ಲೀಟ್ ಬಗೆಯಿರುವ ನಲವತ್ತರ ಗಂಡಸಿನ ಅಪಾಯದ ಜೊತೆ ಒಂದೇ ತಕ್ಕಡಿಯಲ್ಲಿ ತೂಗುವುದು ಇಬ್ಬರಿಗೂ ಅನ್ಯಾಯ.

ಆದರೆ ಈ ವಿಂಗಡಣೆ ಸಾಧ್ಯವಾಗಬೇಕಾದರೆ ಎಂಡೋಸ್ಕೋಪಿ ಸರಿಯಾಗಿ ಆಗಿರಬೇಕು. ಹೆಚ್ಚು ಎಡವಟ್ಟಾಗುವುದು ಇಲ್ಲೇ. 1994ರಲ್ಲಿ ಹ್ಯೂಸ್ಟನ್‌ನಲ್ಲಿ ಪರಿಷ್ಕರಿಸಿದ ಸಿಡ್ನಿ ಪದ್ಧತಿ ಐದು ಚೂರು ಕೇಳುತ್ತದೆ. ಆಂಟ್ರಮ್‌ನಲ್ಲಿ, ಹೊಟ್ಟೆಯ ಕೆಳಬಾಗಿಲಿನಿಂದ 2–3 ಸೆಂ.ಮೀ. ಒಳಗೆ, ಒಳಬಾಗಿನ ಬದಿಯಿಂದ ಒಂದು, ಹೊರಬಾಗಿನ ಬದಿಯಿಂದ ಒಂದು. ಇವೆರಡರ ಮೇಲೆ ಹೊಟ್ಟೆ ತಿರುವು ತೆಗೆದುಕೊಳ್ಳುವ ಮೂಲೆಯಿಂದ ಒಂದು. ನಡುಭಾಗದಲ್ಲಿ, ಆ ಮೂಲೆಯಿಂದ ಸುಮಾರು 4 ಸೆಂ.ಮೀ. ಮೇಲೆ ಒಳಬಾಗಿನಿಂದ ಒಂದು, ಮೇಲ್ತುದಿಯಿಂದ ಸುಮಾರು 8 ಸೆಂ.ಮೀ. ಕೆಳಗೆ ಹೊರಬಾಗಿನಿಂದ ಒಂದು. ಆಂಟ್ರಮ್ ಮತ್ತು ಮೂಲೆಯ ಚೂರುಗಳು ಒಂದು ಡಬ್ಬಿಗೆ, ನಡುಭಾಗದವು ಬೇರೆ ಡಬ್ಬಿಗೆ. ಕಣ್ಣಿಗೆ ಅನುಮಾನವೆನಿಸಿದ ಜಾಗವಿದ್ದರೆ ಅದು ಮೂರನೆಯ ಡಬ್ಬಿಗೆ. ಈ ಡಬ್ಬಿಗಳ ವಿಚಾರ ಚಿಕ್ಕದಾಗಿ ಕಾಣುತ್ತದೆ. ಐದೂ ಚೂರನ್ನು ಒಂದೇ ಡಬ್ಬಿಗೆ ಹಾಕಿ ಕಳಿಸಿದರೆ ಮೆಟಾಪ್ಲೇಸಿಯಾ ನಡುಭಾಗಕ್ಕೆ ಹರಡಿದೆಯೋ ಇಲ್ಲವೋ ಎಂದು ರೋಗಶಾಸ್ತ್ರಜ್ಞ ಖಚಿತವಾಗಿ ಹೇಳಲಾರ, ಆಗ ಅಪಾಯದ ಅಂದಾಜಿನ ಅರ್ಧ ಅಲ್ಲೇ ಕಳೆದುಹೋಗುತ್ತದೆ. ಬಯಾಪ್ಸಿ ಆಧಾರದ ಮೇಲೆ ಅಟ್ರೋಫಿಗೆ ‘ಓಲ್ಗಾ’, ಮೆಟಾಪ್ಲೇಸಿಯಾಕ್ಕೆ ‘ಓಲ್ಜಿಮ್’ ಎಂದು 0ರಿಂದ 4ರವರೆಗೆ ದರ್ಜೆ ಕೊಡುವ ಪದ್ಧತಿಗಳಿವೆ. 3 ಮತ್ತು 4ನೇ ದರ್ಜೆ ಹೆಚ್ಚು ಅಪಾಯದವು. ಎರಡು ಡಬ್ಬಿ ಇಲ್ಲದಿದ್ದರೆ ಈ ದರ್ಜೆಯೂ ಇಲ್ಲ.

ಸಮಯವೂ ಮುಖ್ಯ. ಸಿಂಗಪುರದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಸರಾಸರಿ ಏಳು ನಿಮಿಷಕ್ಕಿಂತ ಹೆಚ್ಚು ಹೊತ್ತು ನೋಡುವ ವೈದ್ಯರಿಗೆ ಅಪಾಯಕಾರಿ ಗಾಯಗಳು ಅವಸರದವರಿಗಿಂತ ಹೆಚ್ಚಾಗಿ ಸಿಕ್ಕವು. ಹೊಟ್ಟೆಯನ್ನು ಗಾಳಿಯಿಂದ ಪೂರ್ತಿ ಉಬ್ಬಿಸಿ ಮಡಿಕೆಗಳನ್ನು ಬಿಡಿಸಬೇಕು, ನೊರೆ ಮತ್ತು ಲೋಳೆಯನ್ನು ಸಿಮೆಥಿಕೋನ್ ಬೆರೆಸಿದ ನೀರಿನಿಂದ ತೊಳೆಯಬೇಕು. ಮಾಮೂಲಿ ಬಿಳಿ ಬೆಳಕಿನಲ್ಲಿ ಮೆಟಾಪ್ಲೇಸಿಯಾ ಎಷ್ಟೋ ಸಲ ಕಾಣುವುದೇ ಇಲ್ಲ. ನೀಲಿ, ಹಸಿರು ಅಲೆಗಳನ್ನಷ್ಟೇ ಬಳಸುವ ನ್ಯಾರೋ ಬ್ಯಾಂಡ್ ಬೆಳಕಿನಲ್ಲಿ ಹತ್ತಿರದಿಂದ ನೋಡಿದರೆ ಪೊರೆಯ ಉಬ್ಬುಗಳ ಅಂಚಿನಲ್ಲಿ ತಿಳಿನೀಲಿ ಗೆರೆಯೊಂದು ಮೂಡುತ್ತದೆ. ಆ ಗೆರೆ ಇರುವ ಕಡೆ ಚೂರು ತೆಗೆದರೆ ಗುರಿ ತಪ್ಪುವುದು ಕಡಿಮೆ. ಜಪಾನ್, ಕೊರಿಯಾದ ವೈದ್ಯರಿಗೆ ಇದು ದಿನನಿತ್ಯದ ರೂಢಿ, ಯಾಕೆಂದರೆ ಅಲ್ಲಿ ಹೊಟ್ಟೆಯ ಕ್ಯಾನ್ಸರ್ ತಪಾಸಣೆಗೆ ರಾಷ್ಟ್ರೀಯ ಕಾರ್ಯಕ್ರಮವೇ ಇದೆ. ಕೊರಿಯಾದಲ್ಲಿ ನಲವತ್ತು ದಾಟಿದವರಿಗೆ ಎರಡು ವರ್ಷಕ್ಕೊಮ್ಮೆ ತಪಾಸಣೆ. ಅಮೆರಿಕದಲ್ಲಿ ಅಂಥ ಕಾರ್ಯಕ್ರಮವಿಲ್ಲ, ಹಾಗಾಗಿ ಕಣ್ಣು ಪಳಗುವ ಅವಕಾಶವೂ ಕಡಿಮೆ.

ಮೆಟಾಪ್ಲೇಸಿಯಾ ಸಿಕ್ಕಿತು ಎಂದರೆ ಮೊದಲ ಕೆಲಸ ಎಚ್. ಪೈಲೊರಿ ಇದೆಯೇ ಎಂದು ನೋಡುವುದು, ಇದ್ದರೆ ತೆಗೆಯುವುದು. ಈ ವಿಷಯದಲ್ಲಿ ಯಾವ ಮಾರ್ಗಸೂಚಿಗೂ ಭಿನ್ನಾಭಿಪ್ರಾಯವಿಲ್ಲ. ಉಸಿರಿನ ಯೂರಿಯಾ ಪರೀಕ್ಷೆ, ಮಲದ ಆಂಟಿಜನ್ ಪರೀಕ್ಷೆ, ಬಯಾಪ್ಸಿ, ಈ ಮೂರರಲ್ಲಿ ಯಾವುದಾದರೂ ಆದೀತು. ಪ್ಯಾಂಟೊಪ್ರಜೋಲ್, ಒಮೆಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಗುಳಿಗೆಗಳನ್ನು ಎರಡು ವಾರ ಮೊದಲೇ ನಿಲ್ಲಿಸಬೇಕು, ಆಂಟಿಬಯೋಟಿಕ್ ಮತ್ತು ಬಿಸ್ಮತ್ ಎಂಬ ಲೋಹದ ಲವಣದ ಮದ್ದು ಮುಗಿದು ನಾಲ್ಕು ವಾರವಾಗಿರಬೇಕು. ಇಲ್ಲದಿದ್ದರೆ ಸೋಂಕಿದ್ದೂ ‘ಇಲ್ಲ’ ಎಂದು ಬರುತ್ತದೆ. ಇನ್ನೊಂದು ಸಂಗತಿ ಅನೇಕರ ಗಮನಕ್ಕೆ ಬರುವುದಿಲ್ಲ. ಅಟ್ರೋಫಿ ಹೆಚ್ಚಿರುವ ಹೊಟ್ಟೆಯಲ್ಲಿ ಬ್ಯಾಕ್ಟೀರಿಯಾದ ಸಂಖ್ಯೆಯೇ ಕುಸಿದಿರುತ್ತದೆ, ಹಾಗಾಗಿ ಬಯಾಪ್ಸಿಯೂ ಉಸಿರಿನ ಪರೀಕ್ಷೆಯೂ ಸುಳ್ಳು ಹೇಳಬಹುದು. ಒಂದು ಪರೀಕ್ಷೆ ‘ಇಲ್ಲ’ ಎಂದರೆ ಬೇರೆ ಬಗೆಯ ಇನ್ನೊಂದನ್ನು ಮಾಡಿಸಬೇಕು. ಹಿಂದೆ ಮದ್ದು ತೆಗೆದುಕೊಳ್ಳದವರಲ್ಲಿ ಇಂಥ ಸಂದರ್ಭಕ್ಕೆ ರಕ್ತದ ಆಂಟಿಬಾಡಿ ಪರೀಕ್ಷೆಯೂ ನೆರವಾಗುತ್ತದೆ.

ಮದ್ದಿನ ವಿಚಾರದಲ್ಲಿ, ಕ್ಲಾರಿಥ್ರೊಮೈಸಿನ್ ಎಂಬ ಆಂಟಿಬಯೋಟಿಕ್‌ಗೆ ಬ್ಯಾಕ್ಟೀರಿಯಾ ಜಗ್ಗದಿರುವುದು ಹೆಚ್ಚಾದ ಕಾರಣ, ಅಮೆರಿಕದ 2024ರ ಮಾರ್ಗಸೂಚಿ ಮೊದಲ ಆಯ್ಕೆಯಾಗಿ 14 ದಿನದ ಬಿಸ್ಮತ್ ಕ್ರಮವನ್ನು ಹೇಳುತ್ತದೆ. ಆಮ್ಲ ತಗ್ಗಿಸುವ ಗುಳಿಗೆ ದಿನಕ್ಕೆರಡು ಸಲ, ಬಿಸ್ಮತ್ ನಾಲ್ಕು ಸಲ, ಟೆಟ್ರಾಸೈಕ್ಲಿನ್ 500 ಮಿ.ಗ್ರಾಂ. ನಾಲ್ಕು ಸಲ, ಮೆಟ್ರೊನಿಡಜೋಲ್ 500 ಮಿ.ಗ್ರಾಂ. ಮೂರರಿಂದ ನಾಲ್ಕು ಸಲ. ಒಟ್ಟು ದಿನಕ್ಕೆ ಕನಿಷ್ಠ ಹದಿಮೂರು ಗುಳಿಗೆ, ಎರಡು ವಾರ. ನಾಲಿಗೆಯಲ್ಲಿ ಲೋಹದ ರುಚಿ, ಹೊಟ್ಟೆ ತೊಳಸು, ಬಿಸ್ಮತ್‌ನಿಂದ ಮಲ ಕಪ್ಪಾಗುವುದು ಇವೆಲ್ಲ ನಿರೀಕ್ಷಿತ. ಮೊದಲೇ ಹೇಳದಿದ್ದರೆ ಕಪ್ಪು ಮಲ ಕಂಡು ರಕ್ತಸ್ರಾವವೆಂದು ಹೆದರಿ ಜನ ಐದನೇ ದಿನಕ್ಕೇ ಮದ್ದು ಬಿಡುತ್ತಾರೆ. ಹಾಲು, ಕಬ್ಬಿಣದ ಗುಳಿಗೆ, ಆಂಟಾಸಿಡ್ ಜೊತೆಗೆ ಟೆಟ್ರಾಸೈಕ್ಲಿನ್ ನುಂಗಿದರೆ ಅದು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಟೆಟ್ರಾಸೈಕ್ಲಿನ್ ಸಿಗಲಿಲ್ಲವೆಂದು ಡಾಕ್ಸಿಸೈಕ್ಲಿನ್ ಕೊಟ್ಟರೆ ಗುಣವಾಗುವ ಪ್ರಮಾಣ ಇಳಿಯುತ್ತದೆ. ಬಸುರಿಯರಿಗೆ ಈ ಕ್ರಮ ಸಲ್ಲದು. ಮುಗಿದ ಮೇಲೆ ಕನಿಷ್ಠ ನಾಲ್ಕು ವಾರ ಬಿಟ್ಟು ಉಸಿರಿನ ಅಥವಾ ಮಲದ ಪರೀಕ್ಷೆ ಮಾಡಿಸಿ ಸೋಂಕು ಹೋಗಿದೆಯೇ ಎಂದು ಖಚಿತ ಮಾಡಿಕೊಳ್ಳಲೇಬೇಕು. ಹೊಟ್ಟೆನೋವು ಹೋಯಿತು ಎಂಬುದು ಸೋಂಕು ಹೋಯಿತು ಎಂಬುದಕ್ಕೆ ಸಾಕ್ಷಿಯಲ್ಲ. ಲ್ಯಾಟಿನ್ ಅಮೆರಿಕದ ಆರು ದೇಶಗಳಲ್ಲಿ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮದ್ದಿನ ನಂತರ ಸೋಂಕಿಲ್ಲವೆಂದು ಬಂದವರಲ್ಲೂ ಶೇ 11.5 ಮಂದಿಗೆ ವರ್ಷದೊಳಗೆ ಮರಳಿ ಕಾಣಿಸಿಕೊಂಡಿತ್ತು.

ಸೋಂಕು ತೆಗೆದರೆ ಬದಲಾವಣೆ ಹಿಂದಕ್ಕೆ ಹೋಗುತ್ತದೆಯೇ? ನರಿನ್ಯೊದಲ್ಲೇ ಕೊರ್ರೆಯಾ ಮತ್ತು ಸಂಗಡಿಗರು ನಡೆಸಿ 2000ದಲ್ಲಿ ಪ್ರಕಟಿಸಿದ ಆರು ವರ್ಷದ ಪ್ರಯೋಗದಲ್ಲಿ, ಮದ್ದು ಪಡೆದವರಲ್ಲಿ ಅಟ್ರೋಫಿಯೂ ಮೆಟಾಪ್ಲೇಸಿಯಾವೂ ಇಳಿಯುವ ಸಂಭವ ಹಲವು ಪಟ್ಟು ಹೆಚ್ಚಿತ್ತು. ಅದೇ ಜನರನ್ನು ಮುಂದೆ ಹನ್ನೆರಡು, ಹದಿನಾರು, ಇಪ್ಪತ್ತು ವರ್ಷ ಹಿಂಬಾಲಿಸಿದಾಗಲೂ ಸೋಂಕಿಲ್ಲದೆ ಕಳೆದ ವರ್ಷಗಳು ಹೆಚ್ಚಿದಷ್ಟೂ ಪೊರೆ ಸುಧಾರಿಸಿದ್ದು ಕಂಡಿತು. ಅಟ್ರೋಫಿಗಿಂತ ಮೆಟಾಪ್ಲೇಸಿಯಾ ಹಠಮಾರಿ. ಎಲ್ಲರಲ್ಲೂ ಅದು ಮಾಯವಾಗುವುದಿಲ್ಲ, ಕೆಲವರಲ್ಲಿ ಸೋಂಕು ಹೋದ ಮೇಲೂ ಮುಂದುವರಿಯುತ್ತದೆ. ವಿಟಮಿನ್ ಗುಳಿಗೆಗಳ ಮೇಲಿದ್ದ ಭರವಸೆ ಮಾತ್ರ ನಿಲ್ಲಲಿಲ್ಲ. ವೆನಿಜುವೆಲಾದ ತಾಚಿರಾ ಪ್ರಾಂತ್ಯದಲ್ಲಿ ಸುಮಾರು ಎರಡು ಸಾವಿರ ಮಂದಿಗೆ ಮೂರು ವರ್ಷ ವಿಟಮಿನ್ ಸಿ, ಇ ಮತ್ತು ಬೀಟಾ ಕ್ಯಾರೊಟಿನ್ ಕೊಟ್ಟು ನೋಡಿದ ಪ್ರಯೋಗದಲ್ಲಿ ಯಾವ ಲಾಭವೂ ಕಾಣಲಿಲ್ಲ.

ಮತ್ತೆ ಮತ್ತೆ ಎಂಡೋಸ್ಕೋಪಿ ಬೇಕೇ ಎಂಬಲ್ಲಿ ಒಮ್ಮತ ತಡವಾಗಿ ಬಂತು. 2020ರ ಅಮೆರಿಕದ ಮಾರ್ಗಸೂಚಿ ಎಲ್ಲರಿಗೂ ರೂಢಿಯಂತೆ ಮಾಡುವುದು ಬೇಡ ಎಂದಿತು. ಇನ್‌ಕಂಪ್ಲೀಟ್ ಬಗೆ, ವ್ಯಾಪಕ ಹರಡುವಿಕೆ, ಕುಟುಂಬದಲ್ಲಿ ಕ್ಯಾನ್ಸರ್, ಅಲ್ಪಸಂಖ್ಯಾತ ಜನಾಂಗ ಅಥವಾ ಹೆಚ್ಚು ಅಪಾಯದ ದೇಶದಿಂದ ವಲಸೆ, ಇವಿದ್ದರೆ ವೈದ್ಯರೂ ರೋಗಿಯೂ ಮಾತಾಡಿ ನಿರ್ಧರಿಸಬಹುದು ಎಂದಿತು. 2025ರಲ್ಲಿ ಅಮೆರಿಕನ್ ಕಾಲೇಜ್ ಆಫ್ ಗ್ಯಾಸ್ಟ್ರೊಎಂಟರಾಲಜಿ ಹೆಚ್ಚಿನ ಅಪಾಯದ ಮೆಟಾಪ್ಲೇಸಿಯಾಕ್ಕೆ ಮೂರು ವರ್ಷಕ್ಕೊಮ್ಮೆ ಎಂಬ ಸ್ಪಷ್ಟ ಸಲಹೆ ಕೊಟ್ಟಿತು. ಯುರೋಪಿನವರು ಇದನ್ನು ಮೊದಲಿನಿಂದ ಹೇಳುತ್ತಿದ್ದರು. ಅದೇ ವರ್ಷ ಅಮೆರಿಕನ್ ಗ್ಯಾಸ್ಟ್ರೊಎಂಟರಲಾಜಿಕಲ್ ಅಸೋಸಿಯೇಶನ್, ಹೆಚ್ಚು ಅಪಾಯದ ದೇಶಗಳಿಂದ ಬಂದ ಮೊದಲ ತಲೆಮಾರಿನವರಿಗೆ ಲಕ್ಷಣವಿಲ್ಲದಿದ್ದರೂ ಎಂಡೋಸ್ಕೋಪಿ ತಪಾಸಣೆ ಪರಿಗಣಿಸಬೇಕು ಎಂದಿತು. ದೊಡ್ಡಕರುಳಿನ ತಪಾಸಣೆಗೆ ಬಂದ ದಿನವೇ ಹೊಟ್ಟೆಯನ್ನೂ ಒಮ್ಮೆ ನೋಡುವುದು ಹಿಸ್ಪಾನಿಕ್, ಏಷ್ಯನ್, ಕಪ್ಪುಜನರ ಮಟ್ಟಿಗೆ ಖರ್ಚಿಗೆ ತಕ್ಕ ಫಲ ಕೊಡುತ್ತದೆ ಎಂದು 2018ರಲ್ಲೇ ಲೆಕ್ಕ ಹಾಕಿ ತೋರಿಸಲಾಗಿತ್ತು. ಆ ಕ್ರಮವೇ ಸರಿಯೆಂದು ನಮ್ಮ ಅಭಿಪ್ರಾಯ. ಒಂದೇ ಅರಿವಳಿಕೆ, ಒಂದೇ ದಿನದ ರಜೆ, ಭಾಷಾಂತರಕಾರರೂ ಒಮ್ಮೆ ಸಾಕು. ಕೂಲಿ ತಪ್ಪಿಸಿಕೊಂಡು ಬರಬೇಕಾದವರಿಗೆ, ವಿಮೆಯಿಲ್ಲದವರಿಗೆ ಇದು ಸಣ್ಣ ಅನುಕೂಲವಲ್ಲ.

ಈ ಇಡೀ ಸರಣಿಗೆ ಒಂದು ಮಿತಿಯಿದೆ. ಹೊಟ್ಟೆಯ ಕ್ಯಾನ್ಸರ್‌ನಲ್ಲಿ, ಕೋಶಗಳು ಹೊಟ್ಟೆಯ ಗೋಡೆಯೊಳಗೆ ಚದುರಿ ಹರಡುವ ‘ಡಿಫ್ಯೂಸ್’ ಎಂಬ ಇನ್ನೊಂದು ಬಗೆ ಮೆಟಾಪ್ಲೇಸಿಯಾದ ಮೆಟ್ಟಿಲು ಹತ್ತದೆಯೇ ಬರಬಹುದು. ಹಿಸ್ಪಾನಿಕ್ ರೋಗಿಗಳಿಗೆ ಹೊಟ್ಟೆಯ ಕ್ಯಾನ್ಸರ್ ಸರಾಸರಿ ಚಿಕ್ಕ ವಯಸ್ಸಿನಲ್ಲೇ ಪತ್ತೆಯಾಗುತ್ತದೆ, ಮತ್ತು ಅವರಲ್ಲಿ ಈ ಬಗೆಯ ಪಾಲು ದೊಡ್ಡದು. ಟೆಕ್ಸಾಸ್‌ನ ಸಂಶೋಧಕರು 2020ರಲ್ಲಿ ಅವರ ಗೆಡ್ಡೆಗಳ ವಂಶವಾಹಿ ಓದಿದಾಗಲೂ ಇದೇ ಕಂಡಿತು. ಹಾಗಾಗಿ ನಲವತ್ತರ ಒಳಗಿನವರು ಕಾರಣವಿಲ್ಲದೆ ತೂಕ ಇಳಿದರೆ, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿದಂತಾದರೆ, ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡರೆ, ನುಂಗಲು ಕಷ್ಟವಾದರೆ, ‘ಹಿಂದಿನ ವರದಿಯಲ್ಲಿ ಮೆಟಾಪ್ಲೇಸಿಯಾ ಇರಲಿಲ್ಲ’ ಎಂದು ಸುಮ್ಮನಿರಬಾರದು.

ಈಗಾಗಲೇ ಎಂಡೋಸ್ಕೋಪಿ ಆಗಿ, ವರದಿಯಲ್ಲಿ ಬರೀ ‘ಇಂಟೆಸ್ಟೈನಲ್ ಮೆಟಾಪ್ಲೇಸಿಯಾ’ ಎಂದಷ್ಟೇ ಬರೆದಿದ್ದರೆ, ಬಗೆ ತಿಳಿಯಲು ಕೂಡಲೇ ಮತ್ತೆ ಕೊಳವೆ ನುಂಗಬೇಕೆಂದಿಲ್ಲ. ಅಮೆರಿಕದ ಮಾನ್ಯತೆ ಪಡೆದ ಪ್ರಯೋಗಾಲಯಗಳು ಬಯಾಪ್ಸಿಯ ಗಾಜು ಮತ್ತು ಮೇಣದ ತುಂಡನ್ನು ಹತ್ತು ವರ್ಷ ಕಾಪಿಡಬೇಕೆಂಬ ನಿಯಮವಿದೆ. ಕಂಪ್ಲೀಟೇ ಇನ್‌ಕಂಪ್ಲೀಟೇ, ಯಾವ ಡಬ್ಬಿಯ ಚೂರಿನಲ್ಲಿ ಕಂಡದ್ದು, ಡಿಸ್‌ಪ್ಲೇಸಿಯಾ ಇದೆಯೇ ಎಂಬ ಮೂರು ಪ್ರಶ್ನೆ ಬರೆದು, ಹೊಟ್ಟೆ ಮತ್ತು ಕರುಳಿನ ಬಯಾಪ್ಸಿಯಲ್ಲಿ ಪರಿಣತರಾದ ರೋಗಶಾಸ್ತ್ರಜ್ಞರಿಂದ ಅದೇ ಗಾಜನ್ನು ಮರುಓದಿಸಲು ನಿಮ್ಮ ವೈದ್ಯರನ್ನು ಕೇಳಬಹುದು. ಚೂರುಗಳೆಲ್ಲ ಒಂದೇ ಡಬ್ಬಿಯಲ್ಲಿದ್ದವು ಎಂದು ಉತ್ತರ ಬಂದರೆ, ಕುಟುಂಬದಲ್ಲಿ ಹೊಟ್ಟೆಯ ಕ್ಯಾನ್ಸರ್ ಇದ್ದವರು ಮತ್ತು ಬೆಟ್ಟಸೀಮೆಯ ದೇಶಗಳಿಂದ ಬಂದವರು ಮೂರು ವರ್ಷ ಕಾಯದೆ, ಐದು ಚೂರಿನ ಕ್ರಮದಲ್ಲಿ ಇನ್ನೊಮ್ಮೆ ಮಾಡಿಸಿಕೊಳ್ಳುವುದು ಒಳ್ಳೆಯದು.